ಗುಡಿ ಮೆಟ್ಟಿಲಿನ ಕೆಂಪು ಗುರುತು

ನಿವೃತ್ತನಾದ ಮೇಲೂ ಮಳೆ ಹಿಡಿದುಕೊಂಡಿತೆಂದರೆ ನನ್ನ ಫೋನು ಹೊಡೆದುಕೊಳ್ಳಲು ಶುರುವಾಗುತ್ತದೆ. "ನೀವು ಮೋರಿ ಇಂಜಿನಿಯರ್ ಅಲ್ವಾ, ನಮ್ಮ ರೋಡಲ್ಲಿ ಮಂಡಿವರೆಗೂ ನೀರು ನಿಂತಿದೆ, ಯಾರಿಗೆ ಹೇಳ್ಬೇಕು?" ಎಂದು ವಿಜಯನಗರದ ನೆಂಟರು ಕೇಳುತ್ತಾರೆ, ಬಸವೇಶ್ವರನಗರದ ಹಳೆಯ ಸಹಪಾಠಿ ಕೇಳುತ್ತಾನೆ, ನಮ್ಮ ಮನೆಗೆ ಹಾಲು ಹಾಕುವವನೂ ಕೇಳುತ್ತಾನೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೂ ನೆಮ್ಮದಿಯಿಲ್ಲ. ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ಪಕ್ಕದವರು ತಮ್ಮ ಬಚ್ಚಲ ನೀರಿನ ವಿಷಯ ತೆಗೆಯುತ್ತಾರೆ. ಮೂವತ್ತು ಚಿಲ್ಲರೆ ವರ್ಷ ಮಳೆನೀರಿನ ಮೋರಿ ಕಟ್ಟಿಸಿದವನಿಗೆ ಇದು ತಕ್ಕ ಶಾಸ್ತಿಯೇ ಇರಬೇಕು.

ನನ್ನ ತಂಗಿಯ ಮಗಳು ಈಚೆಗೆ ಇದೇ ಕೆಲಸಕ್ಕೆ ಸೇರಿದ್ದಾಳೆ. ಬಂದವಳು, "ಮಾವ, ಏನಾದ್ರೂ ಟಿಪ್ಸ್ ಇದ್ರೆ ಬರ್ದು ಕೊಡಿ" ಅಂದಳು. ನನಗೆ ಯಾವಾಗ ಬಡ್ತಿ ಬಂತು, ಬೀಳ್ಕೊಡುಗೆಯಲ್ಲಿ ಯಾವ ಶಾಲು ಹೊದಿಸಿದರು ಎಂಬುದನ್ನು ಬರೆದರೆ ಯಾರಿಗೂ ಉಪಯೋಗವಿಲ್ಲ. ನಾನು ಕೆಡಿಸಿದ್ದನ್ನು ಬರೆದರೆ ಒಂದಿಷ್ಟು ಉಪಯೋಗವಾದೀತು. ಆದ್ದರಿಂದ ಅದನ್ನೇ ಬರೆಯುತ್ತೇನೆ.

ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟಿದ್ದು ನೀರು ಇಳಿಜಾರಿಗೆ ಹರಿಯುತ್ತದೆ ಎಂದು. ನಿಜ, ಹರಿಯುತ್ತದೆ, ಹರಿಯಲು ಬಿಟ್ಟರೆ. ಪ್ರತಿ ಸಲ ಟಾರು ಹಾಕುವಾಗಲೂ ಹಳೆಯ ಪದರ ಕೆರೆಯದೆ ಅದರ ಮೇಲೆಯೇ ಇನ್ನೊಂದು ಪದರ ಎಳೆಯುತ್ತಾರೆ. ರಸ್ತೆ ವರ್ಷವರ್ಷ ಮೇಲೇರುತ್ತದೆ, ಮನೆಗಳು ಇದ್ದಲ್ಲೇ ಹಳ್ಳಕ್ಕೆ ಬೀಳುತ್ತವೆ. ಕಾರು ಹತ್ತಿಸಲು ಮನೆಯವರು ಮೋರಿಯ ಬಾಯಿಗೇ ಸಿಮೆಂಟು ಮೆತ್ತುತ್ತಾರೆ. ಕುಡಿಯುವ ನೀರಿನವರು ತಮ್ಮ ಪೈಪನ್ನು ನಮ್ಮ ಮೋರಿಯ ಹೊಟ್ಟೆ ಸೀಳಿಕೊಂಡು ಒಯ್ಯುತ್ತಾರೆ, ಕೇಬಲ್‌ನವರು ಅದರ ಪಕ್ಕದಲ್ಲಿ ಇನ್ನೊಂದು ತೂತು ಕೊರೆಯುತ್ತಾರೆ. ಹೂಳೆತ್ತಿಸುವಾಗ ನನ್ನ ಕಣ್ಣೆದುರಿಗೇ ಹಾಸಿಗೆ, ಹೆಲ್ಮೆಟ್ಟು, ಒಮ್ಮೆ ಇಡೀ ಕಮೋಡು ಮೇಲೆ ಬಂದಿವೆ. ಆ ಕಮೋಡನ್ನು ಅಲ್ಲಿಗೆ ಹೊತ್ತುಕೊಂಡು ಬಂದ ಮನುಷ್ಯನ ಶ್ರಮ ನೆನೆದರೆ ಇವತ್ತಿಗೂ ಆಶ್ಚರ್ಯವಾಗುತ್ತದೆ. ಇಷ್ಟೆಲ್ಲ ಆದ ಮೇಲೆ ನೀರು ಮನೆಗೆ ನುಗ್ಗಿದರೆ ಜನ ಇಂಜಿನಿಯರ್ ಎಲ್ಲಿ ಎಂದು ಕೇಳುತ್ತಾರೆ. ನಮ್ಮ ಮೇಲಿನವರು ಕಾರಣ ಏನೆಂದು ಬರೆದು ಕಳಿಸಿ ಎನ್ನುತ್ತಾರೆ.

ಈ ಕಾರಣ ಬರೆಯುವ ಕೆಲಸವಿದೆಯಲ್ಲ, ಅದೇ ನಮ್ಮ ವೃತ್ತಿಯ ದೊಡ್ಡ ಅಪಾಯ. ಮೋರಿ ಕಟ್ಟುವಾಗ ಹತ್ತು ಜನ ನೋಡುತ್ತಾರೆ. ಕಾರಣ ಬರೆಯುವಾಗ ಯಾರೂ ನೋಡುವುದಿಲ್ಲ.

ಕಾಮಾಕ್ಷಿಪಾಳ್ಯದಲ್ಲಿ ಮಾಗಡಿ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಇಳಿಜಾರಿನ ಗಲ್ಲಿಯಿದೆ. ಮೇಲ್ಗಡೆ ಗಾರ್ಮೆಂಟ್ಸ್ ಶೆಡ್ಡುಗಳು, ಲೇತ್ ಮಷೀನಿನ ವರ್ಕ್‌ಶಾಪುಗಳು. ನಡುವೆ ಮುನೇಶ್ವರನ ಪುಟ್ಟ ಗುಡಿ, ಅದರ ಎದುರಿಗೊಂದು ವಠಾರ. ಗಲ್ಲಿಯ ಕೊನೆಗೆ, ಸುತ್ತಲಿನ ಮೋರಿಗಳೆಲ್ಲ ಹೋಗಿ ಸೇರುವ ರಾಜಕಾಲುವೆ. ಮಳೆಗೆ ಅಲ್ಲಿ ನೀರು ನಿಲ್ಲುತ್ತದೆಂದು ಉದ್ದಕ್ಕೂ ಹೊಸ ಕಾಂಕ್ರೀಟ್ ಮೋರಿ ಕಟ್ಟುವುದೆಂದಾಯಿತು. ಮೋರಿಯನ್ನು ತಗ್ಗಿನ ಕಡೆಯಿಂದ ಕಟ್ಟುತ್ತ ಮೇಲೆ ಬರಬೇಕು, ಇದು ಮೊದಲ ಪಾಠ. ಆದರೆ ಕೆಳಗಡೆ ಯಾರದೋ ಕಾಂಪೌಂಡ್ ಗೋಡೆಯ ತಕರಾರಿತ್ತು. ಅದು ಮುಗಿಯುವವರೆಗೆ ಕಾಯುವುದು ಬೇಡ, ಮೇಲಿನರ್ಧ ಕಟ್ಟಿಬಿಡಿ, ಕೆಳಗಿನರ್ಧ ಆಮೇಲೆ ನೋಡೋಣ ಎಂದು ನಮ್ಮ ದೊಡ್ಡ ಸಾಹೇಬರು ಅಪ್ಪಣೆ ಮಾಡಿದರು.

ಎತ್ತರ ತಗ್ಗು ಅಳೆಯಲು ಅಲುಗಾಡದ ಒಂದು ಕಲ್ಲು ಬೇಕು. ಅದರ ಎತ್ತರವನ್ನು ನೂರು ಎಂದಿಟ್ಟುಕೊಂಡು ಮಿಕ್ಕಿದ್ದೆಲ್ಲವನ್ನೂ ಅದರಿಂದ ಅಳೆಯುತ್ತೇವೆ. ಬೆಂಚ್ ಮಾರ್ಕ್ ಅನ್ನುತ್ತಾರೆ. ಆ ಗಲ್ಲಿಯಲ್ಲಿ ಅಲುಗಾಡದ ವಸ್ತು ಯಾವುದಿದೆ ಎಂದು ಹುಡುಕಿ, ದೇವರಿಗಿಂತ ಗಟ್ಟಿ ಯಾರು ಎಂದುಕೊಂಡು, ಮುನೇಶ್ವರನ ಗುಡಿಯ ಮೆಟ್ಟಿಲು ಕಲ್ಲಿನ ಮೇಲೆ ನಾನೇ ಕೆಂಪು ಪೇಂಟಿನಲ್ಲಿ ಗುರುತು ಬರೆದೆ. ಗುಡಿಯ ಹಿರಿಯರಾದ ಕೆಂಪಣ್ಣನವರು ಪಕ್ಕದಲ್ಲೇ ನಿಂತಿದ್ದರು. ಆ ಜಾಗವೆಲ್ಲ ಹೊಲವಾಗಿದ್ದಾಗ ಅವರ ಮನೆಯವರು ಅಲ್ಲಿ ರಾಗಿ ಬೆಳೆದವರು. ಎದುರಿನ ವಠಾರವೂ ಅವರದೇ. "ಈ ಗುರುತು ಅಳಿಸದ ಹಾಗೆ ನೋಡ್ಕೊಳ್ಳಿ, ಮುಂದಿನ ಕೆಲಸಕ್ಕೆ ಇದೇ ಬೇಕು" ಅಂದೆ. "ನನ್ ಕಣ್ಣಿನ ಥರ ನೋಡ್ಕೋತೀನಿ ಸಾರ್" ಅಂದರು.

ಗೋಡೆಯ ತಕರಾರು ಮುಗಿಯಲು ವರ್ಷಗಳೇ ಹಿಡಿದವು. ಕೆಳಗಿನರ್ಧ ಕಟ್ಟಲು ಮತ್ತೆ ಆ ಗಲ್ಲಿಗೆ ಹೋದಾಗ ಗುಡಿಗೆ ಹೊಸ ಬಣ್ಣ, ಹೊಸ ಟೈಲ್ಸು ಬಂದಿದ್ದವು. ನನ್ನ ಕೆಂಪು ಗುರುತಿನ ಕಲ್ಲು ಮಾತ್ರ ಮುಂದಿನ ಮೆಟ್ಟಿಲಿನಲ್ಲಿ ಮೊದಲಿದ್ದಂತೆಯೇ ಇತ್ತು. ಅದರ ಸುತ್ತ ಅರಿಶಿನ ಕುಂಕುಮ ಬೇರೆ. ರಸ್ತೆಯಿಂದ ಒಂದು ಗೇಣು ಎತ್ತರ, ಹಿಂದೆಯೂ ಹಾಗೆಯೇ ಇತ್ತು. ನಾನು ಖುಷಿಯಾಗಿ ಲೆವೆಲ್ ಮಷೀನು ನಿಲ್ಲಿಸಿ, ಆ ಕಲ್ಲಿನಿಂದ ಅಳತೆ ತೆಗೆದುಕೊಟ್ಟೆ. ನಿಯಮದ ಪ್ರಕಾರ ಇನ್ನೊಂದು ಗುರುತಿನಿಂದ ತಾಳೆ ನೋಡಬೇಕು. ಆ ಇನ್ನೊಂದು ಗುರುತು ಇದ್ದ ಲೈಟು ಕಂಬವನ್ನು ಅಷ್ಟರಲ್ಲಿ ಕಿತ್ತು ಬೇರೆ ನೆಟ್ಟಿದ್ದರು. ಇರಲಿ, ಒಂದು ಸಾಕು ಎಂದುಕೊಂಡೆ.

ಕೆಲಸ ಮಾಡಿಸುತ್ತಿದ್ದ ಆರ್ಮುಗಂ ಮೇಸ್ತ್ರಿ ನನಗಿಂತ ಹೆಚ್ಚು ಮೋರಿ ಕಂಡವರು. ಅವರ ಬಳಿ ಇದ್ದದ್ದು ನೀರು ತುಂಬಿದ ಒಂದು ಪಾರದರ್ಶಕ ಟ್ಯೂಬು. ಎರಡು ತುದಿ ಎತ್ತಿ ಹಿಡಿದು, ನೀರು ಎಲ್ಲಿ ನಿಲ್ಲುತ್ತದೆಂದು ನೋಡಿ ಮಟ್ಟ ಹೇಳುತ್ತಿದ್ದರು. ಮೊದಲು ಕಟ್ಟಿದ್ದ ಮೇಲಿನರ್ಧದ ಹಳೆಯ ಮೋರಿಯೂ ಕೆಳಗಿನರ್ಧದ ಹೊಸ ಮೋರಿಯೂ ಸೇರುವ ಕಡೆ, ಸರಿಯಾಗಿ ವಠಾರದ ಮುಂದೆ, ಅವರು ನನ್ನನ್ನು ಕರೆದರು.

"ಸಾರ್, ಇಲ್ಲಿ ಹೊಸದು ಒಂದಡಿ ಮೇಲಕ್ಕೆ ಬರ್ತಾ ಇದೆ. ಹಳೇದು ಕೆಳಗಿದೆ. ನೀರು ಹೆಂಗೆ ಹತ್ತುತ್ತೆ?"

ನಾನು ಮತ್ತೊಮ್ಮೆ ಕಲ್ಲಿನಿಂದ ಅಳೆದೆ. ಡ್ರಾಯಿಂಗಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. "ಮೇಸ್ತ್ರಿ, ಮಷೀನು ಸುಳ್ಳು ಹೇಳಲ್ಲ. ಹಿಂದಿನ ಕಂಟ್ರಾಕ್ಟರು ಹಳೇ ಮೋರಿಯ ತಳ ಜಾಸ್ತಿ ಅಗೆದಿದಾರೆ. ಅಲ್ಲಿ ಕಾಂಕ್ರೀಟು ತುಂಬಿ ಇಳಿಜಾರು ಮಾಡಿ ಸೇರಿಸಿ" ಅಂದೆ.

"ಟ್ಯೂಬೂ ಸುಳ್ ಹೇಳಲ್ಲ ಸಾರ್. ಚಪ್ಪಡಿ ಮುಚ್ಚೋಕೆ ಮುಂಚೆ ನಾಲ್ಕು ಬಿಂದಿಗೆ ನೀರು ಹುಯ್ದು, ಒಂದು ಬೇವಿನ ಎಲೆ ಬಿಟ್ಟು ನೋಡೋಣ. ಎಲೆ ಎಲ್ಲಿಗೆ ಹೋಗುತ್ತೋ ನೋಡ್ಕೊಂಡು ಆಮೇಲೆ ಮುಚ್ಚೋಣ."

ಮಳೆಗಾಲ ತಲೆಯ ಮೇಲಿತ್ತು. ದೊಡ್ಡ ಸಾಹೇಬರು ದಿನಕ್ಕೆ ಮೂರು ಸಲ ಫೋನ್ ಮಾಡಿ ಮುಗೀತಾ ಮುಗೀತಾ ಎಂದು ಕೇಳುತ್ತಿದ್ದರು. ಬೇವಿನ ಎಲೆ ನೋಡಿಕೊಂಡು ಕೂತಿದ್ದೆ ಎಂದು ಅವರಿಗೆ ಹೇಳಲು ನನಗೆ ನಾಚಿಕೆ. ಮುಚ್ಚಿ ಅಂದೆ, ಮುಚ್ಚಿದರು.

ಮೊದಲ ದೊಡ್ಡ ಮಳೆಗೇ ವಠಾರದೊಳಗೆ ನೀರು. ಎಲ್ಲಕ್ಕಿಂತ ತಗ್ಗಿನಲ್ಲಿದ್ದದ್ದು ಮೋರಿ ಪಕ್ಕದ ಕೊನೆಯ ಮನೆ. ಅದರಲ್ಲಿ ಕೊಪ್ಪಳದ ಕಡೆಯಿಂದ ಬಂದ ನೀಲವ್ವ ಎಂಬ ಹೆಂಗಸು ಬಾಡಿಗೆಗಿದ್ದರು. ಗಂಡ ಪೀಣ್ಯದಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ನೀಲವ್ವ ಮನೆಯಲ್ಲೇ ಒಂದು ಹೊಲಿಗೆ ಮಷೀನು ಇಟ್ಟುಕೊಂಡು ಜಾಕೆಟ್ಟು, ಲಂಗ ಹೊಲಿಯುತ್ತಿದ್ದರು. ನಾನು ಹೋದಾಗ ಮಷೀನನ್ನು ಮಂಚದ ಮೇಲೆ ಹತ್ತಿಸಿ, ಸೀರೆ ಎತ್ತಿ ಕಟ್ಟಿ, ತಂಬಿಗೆಯಲ್ಲಿ ನೀರು ತೋಡಿ ಹೊರಗೆ ಚೆಲ್ಲುತ್ತಿದ್ದರು.

"ಸಾಹೇಬ್ರ, ನಿಮ್ಮ ಮೋರಿ ನೀರು ಹಿಂದಕ್ಕ ಬರಾಕತ್ತೈತ್ರಿ. ನಾ ಬಾಗಲ್ದಾಗ ನಿಂತು ಕಣ್ಣಾರೆ ನೋಡೀನಿ. ಕೆಳಗ ಹೋಗ್ಬೇಕಾದ ನೀರು ಹೊಳ್ಳಿ ಮ್ಯಾಲಕ್ಕ ಬರ್ತೈತಿ."

"ನೀರು ಹಿಂದಕ್ಕೆ ಹೇಗೆ ಬರುತ್ತಮ್ಮ? ಎಲ್ಲೋ ಕಟ್ಟಿಕೊಂಡಿದೆ ಅಷ್ಟೇ" ಎಂದೆ. ಹೀಗೆ ಹೇಳುವಾಗಲೇ ನನ್ನ ಕಣ್ಣು ಮೂಲೆಯಲ್ಲಿದ್ದ ಎರಡು ಮೂಟೆಗಳ ಮೇಲೆ ಬಿತ್ತು. ಅವುಗಳ ತುಂಬ ಬಟ್ಟೆ ಚಿಂದಿ. ನನಗೆ ಕಾರಣ ಸಿಕ್ಕಿಬಿಟ್ಟಿತು. ಎರಡು ಚಪ್ಪಡಿ ಎತ್ತಿಸಿದಾಗ ಮೋರಿಯೊಳಗೂ ಒಂದಿಷ್ಟು ಬಟ್ಟೆ ತುಂಡು ಬಂತು. ಮೇಲ್ಗಡೆ ಅಷ್ಟು ಗಾರ್ಮೆಂಟ್ಸ್ ಶೆಡ್ಡುಗಳಿರುವಾಗ ಬಟ್ಟೆ ತುಂಡು ಬಾರದೆ ಇನ್ನೇನು ಬರುತ್ತದೆ ಎಂದು ನನಗೆ ಹೊಳೆಯಲಿಲ್ಲ. ಅಥವಾ ಹೊಳೆಯುವುದು ಬೇಡವಾಗಿತ್ತು. ಕಚೇರಿಗೆ ಬಂದು ಬರೆದೆ: ಅಸಾಧಾರಣ ಮಳೆ, ಹಾಗೂ ಹೊಲಿಗೆ ಮಾಡುವ ನಿವಾಸಿಗಳು ಚಿಂದಿ ಎಸೆಯುತ್ತಿರುವುದರಿಂದ ಮೋರಿಯಲ್ಲಿ ಅಡಚಣೆ. ದೊಡ್ಡ ಸಾಹೇಬರು ಓದಿ, ಚೆನ್ನಾಗಿ ಬರೆದಿದ್ದೀರಿ ಅಂದರು. ಅವರು ನನ್ನನ್ನು ಹೊಗಳಿದ್ದು ಅಷ್ಟು ವರ್ಷದಲ್ಲಿ ಅದೊಂದೇ ಸಲ.

ಮರುವರ್ಷ ಮತ್ತೆ ನೀರು. ಮತ್ತೆ ಅದೇ ವಾಕ್ಯ. ನಮ್ಮ ಕಡತಗಳ ಪ್ರಕಾರ ಈ ಊರಲ್ಲಿ ಸಾಧಾರಣ ಮಳೆ ಎಂಬುದು ಬಿದ್ದೇ ಇಲ್ಲ.

ಆ ಎರಡನೆಯ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಬೇರಾವುದೋ ಕೆಲಸಕ್ಕೆ ಆ ಗಲ್ಲಿಗೆ ಹೋಗಿದ್ದೆ. ಗುಡಿಯ ಮುಂದೆ ಕೂತಿದ್ದ ಕೆಂಪಣ್ಣನವರು ಕೈಗೆ ಪ್ರಸಾದ ಕೊಟ್ಟು ಮಾತಿಗೆ ಕೂರಿಸಿದರು. ಗುಡಿ ಚೆನ್ನಾಗಿ ಕಟ್ಟಿಸಿದ್ದೀರಿ ಅಂದೆ. ಅವರ ಮುಖ ಅರಳಿತು.

"ಟಾರ್ ಹಾಕೀ ಹಾಕೀ ರೋಡು ಮೇಲಕ್ಕೆ ಬಂದ್ಬಿಡ್ತು ಸಾರ್, ಮಳೆ ನೀರೆಲ್ಲ ದೇವ್ರ ಪಾದಕ್ಕೇ ಬರ್ತಿತ್ತು. ಅದಕ್ಕೆ ಜೀರ್ಣೋದ್ಧಾರದಲ್ಲಿ ಇಡೀ ಜಗಲಿ ಎತ್ತರಿಸಿದ್ವಿ. ನಿಮ್ ಗುರುತಿನ ಕಲ್ಲು ಮಾತ್ರ ಬಿಸಾಕ್ಲಿಲ್ಲ ನೋಡಿ. ಕೆಲಸದೋರು ಹೊಸ ಕಲ್ಲು ಹಾಕ್ತೀವಿ ಅಂದ್ರು, ನಾನು ಬಿಡ್ಲಿಲ್ಲ. ಇಂಜಿನಿಯರ್ ಸಾಹೇಬ್ರಿಗೆ ಮಾತು ಕೊಟ್ಟಿದೀನಿ ಅಂತ ನಾಲ್ಕು ಜನರನ್ನ ಹಿಡ್ಸಿ, ಒಂಚೂರೂ ಮುಕ್ಕಾಗ್ದಂಗೆ ಎತ್ತಿ, ಹೊಸ ಜಗಲಿಯ ಮೆಟ್ಟಿಲಿಗೇ ಕೂರಿಸಿದೀನಿ. ಯಾರೂ ತುಳೀಬಾರ್ದು ಅಂತ ಕುಂಕುಮ ಇಡ್ತೀವಿ."

ಪ್ರಸಾದ ಕೈಯಲ್ಲೇ ಉಳಿಯಿತು. ಕಲ್ಲು ಮೇಲೇರಿತ್ತು, ರಸ್ತೆಯೂ ಅಷ್ಟೇ ಮೇಲೇರಿತ್ತು, ಆದ್ದರಿಂದ ನನ್ನ ಕಣ್ಣಿಗೆ ಎಲ್ಲವೂ ಇದ್ದ ಹಾಗೇ ಕಂಡಿತ್ತು. ಕಲ್ಲು ಎಷ್ಟು ಮೇಲೇರಿತ್ತೋ ಅಷ್ಟೇ ಎತ್ತರಕ್ಕೆ ನನ್ನ ಹೊಸ ಮೋರಿಯೂ ಏರಿ ಕೂತಿತ್ತು. ಆರ್ಮುಗಂ ಮೇಸ್ತ್ರಿ ಹೇಳಿದ್ದು ಸರಿ. ನೀಲವ್ವ ಹೇಳಿದ್ದು ಅಕ್ಷರಶಃ ಸರಿ, ನೀರು ನಿಜವಾಗಿಯೂ ಹಿಂದಕ್ಕೆ ಬರುತ್ತಿತ್ತು. ಮೈ ಪರಚಿಕೊಳ್ಳುವಂತಾಯಿತು. ಆದರೆ ಬೈಯುವುದು ಯಾರನ್ನು? ಕೆಂಪಣ್ಣನವರು ನಾನು ಹೇಳಿದ್ದನ್ನೇ ಅಷ್ಟು ಶ್ರದ್ಧೆಯಿಂದ ಮಾಡಿದ್ದರು. ಬೆಂಚ್ ಮಾರ್ಕ್ ಎಂದರೆ ಬರೆದ ಬಣ್ಣವಲ್ಲ, ಇರುವ ಎತ್ತರ ಎಂದು ಅವರಿಗೆ ಹೇಳಬೇಕಾಗಿದ್ದವನು ನಾನು. "ತುಂಬಾ ಒಳ್ಳೇದು ಮಾಡಿದ್ರಿ" ಎಂದಷ್ಟೇ ಹೇಳಿ ಎದ್ದು ಬಂದೆ.

ನೇರವಾಗಿ ದೊಡ್ಡ ಸಾಹೇಬರ ಕೋಣೆಗೆ ಹೋದೆ. ಎಲ್ಲ ಕೇಳಿ ಅವರು ಕನ್ನಡಕ ತೆಗೆದರು.

"ಏನ್ ಬರೀತೀರಾ ರೀ? ಕಲ್ಲು ಎದ್ದು ನಡ್ಕೊಂಡು ಹೋಯ್ತು ಅಂತ ಬರೀತೀರಾ? ಕಟ್ಟಿ ಎರಡು ವರ್ಷ ಆಗಿರೋ ಮೋರೀನ ಒಡೀಬೇಕು ಅಂದ್ರೆ ಯಾರೋ ಒಬ್ರು ತಪ್ಪು ಮಾಡಿದಾರೆ ಅಂತ ಒಪ್ಕೋಬೇಕು. ನೀವು, ಸಹಿ ಹಾಕಿದ ನಾನು, ನನ್ ಮೇಲಿನೋರು. ಹಿಂದೆ ಬರ್ದಿದ್ದನ್ನೇ ಬರೀರಿ. ಚಿಂದಿ ಇತ್ತೋ ಇಲ್ವೋ?"

"ಇತ್ತು ಸಾರ್" ಅಂದೆ.

ಮೂರನೆಯ ಮಳೆಗಾಲದಲ್ಲೂ ನೀರು ನುಗ್ಗಿತು. ಮೊದಲೆರಡು ಸಲ ನಾನು ಬರೆದದ್ದು ದಡ್ಡತನ. ಮೂರನೆಯ ಸಲ ಬರೆದದ್ದು ಸುಳ್ಳು, ಗೊತ್ತಿದ್ದೂ ಬರೆದ ಸುಳ್ಳು. ನನಗೂ ಸಾಹೇಬರಿಗೂ ಮುಜುಗರ ಬೇಡವೆಂದು ಎರಡೇ ಸಾಲು ಬರೆದೆ. ಆ ಎರಡು ಸಾಲು ಕಚೇರಿಯಿಂದ ಕಚೇರಿಗೆ ಹೋಗಿ ಕೊನೆಗೆ ಒಂದು ನೋಟೀಸಾಗಿ ನೀಲವ್ವನ ಬಾಗಿಲಿಗೆ ಅಂಟಿಕೊಂಡಿತು. ಮೋರಿಗೆ ಚಿಂದಿ ಎಸೆಯುತ್ತಿದ್ದೀರಿ, ಯಾಕೆ ಕ್ರಮ ಕೈಗೊಳ್ಳಬಾರದು ಎಂದು. ನೋಟೀಸು ನೋಡಿ ವಠಾರದವರೆಲ್ಲ ಅವರ ಮೇಲೆ ಹರಿಹಾಯ್ದರಂತೆ, ಮೂರು ವರ್ಷದಿಂದ ನಮ್ಮ ಮನೆಗೆ ನೀರು ತಂದವಳು ನೀನೇ ಎಂದು. ಕೆಂಪಣ್ಣನವರು ಮನೆ ಖಾಲಿ ಮಾಡಿಸಿದರು. ಇದನ್ನೆಲ್ಲ ನನಗೆ ಹೇಳಿದ್ದು ಆರ್ಮುಗಂ ಮೇಸ್ತ್ರಿ. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಆ ಮನೆಗೆ ಮೊಬೈಲ್ ರಿಪೇರಿ ಮಾಡುವ ಗಂಡ ಹೆಂಡತಿ ಬಂದರು. ಸೂಜಿ ದಾರ ಕೂಡ ಇಲ್ಲದ ಮನೆ. ಮುಂದಿನ ಮಳೆಗೆ ಅಲ್ಲೂ ಅಷ್ಟೇ ನೀರು. ಕಾರಣ ಬರೆದು ಕಳಿಸಿ ಎಂದು ಚೀಟಿ ಬಂತು. ನಾನು ಕಾಗದ ತೆಗೆದುಕೊಂಡು ಗುಡಿಯ ಕಲ್ಲು, ತಾಳೆ ನೋಡದ ಅಳತೆ, ಮೇಸ್ತ್ರಿಯ ಮಾತು ಕೇಳದೆ ಚಪ್ಪಡಿ ಮುಚ್ಚಿಸಿದ್ದು, ಚಿಂದಿಯ ಸುಳ್ಳು, ಎಲ್ಲವನ್ನೂ ಬರೆದು, ತಪ್ಪು ನನ್ನದು ಎಂದು ಸಹಿ ಹಾಕಿದೆ. ದೊಡ್ಡ ಸಾಹೇಬರು ಆಮೇಲೆ ನನ್ನ ನಮಸ್ಕಾರಕ್ಕೆ ಪ್ರತಿ ನಮಸ್ಕಾರ ಮಾಡಲಿಲ್ಲ. ವಿಚಾರಣೆಯಾಯಿತು, ಎಚ್ಚರಿಕೆ ಪತ್ರ ಬಂತು. ಇದಕ್ಕೆ ಹೆದರಿ ನಾನು ವರ್ಷಕ್ಕೂ ಹೆಚ್ಚು ಕಾಲ ಬಾಯಿ ಮುಚ್ಚಿಕೊಂಡಿದ್ದೆ, ಬಂದದ್ದು ಬರೀ ಒಂದು ಹಾಳೆ ಕಾಗದ.

ಕೆಳಗಿನರ್ಧ ಮೋರಿ ಒಡೆದು ತಗ್ಗಿಸಿ ಕಟ್ಟಿದೆವು. ಅಷ್ಟರಲ್ಲಿ ಹೊಸ ಮಷೀನುಗಳು ಬಂದಿದ್ದವು, ಕಲ್ಲಿನ ಹಂಗಿಲ್ಲದೆ ಆಕಾಶದ ಉಪಗ್ರಹದಿಂದಲೇ ಎತ್ತರ ಹೇಳುತ್ತವೆ. ಹೇಳಲಿ. ಚಪ್ಪಡಿ ಮುಚ್ಚುವ ಮುಂಚೆ ನಾನೇ ಗುಡಿಯ ನಲ್ಲಿಯಿಂದ ಬಿಂದಿಗೆ ತುಂಬಿ ತಂದು ಸುರಿದೆ. ಮೇಸ್ತ್ರಿ ಬೇವಿನ ಎಲೆ ಬಿಟ್ಟರು. ಎಲೆ ಒಂದು ಸುತ್ತು ತಿರುಗಿ ರಾಜಕಾಲುವೆಯ ಕಡೆಗೆ ಹೋಯಿತು. ನಾವಿಬ್ಬರೂ ಅದರ ಹಿಂದೆಯೇ ಗಲ್ಲಿಯ ಕೊನೆಯವರೆಗೆ ನಡೆದೆವು. ಯಾಕೆ ಒಡೆದು ಕಟ್ಟಿದಿರಿ ಎಂದು ಗಲ್ಲಿಯವರು ಕೇಳಿದ್ದಕ್ಕೆ, ಅಭಿವೃದ್ಧಿ ಎಂದು ಹೇಳಿದೆ. ಆ ಪದಕ್ಕೆ ಯಾರೂ ಎದುರು ಪ್ರಶ್ನೆ ಕೇಳುವುದಿಲ್ಲ.

ನಿವೃತ್ತನಾದ ಮೇಲೆ ಮೇಸ್ತ್ರಿಯಿಂದ ನೀಲವ್ವನ ವಿಳಾಸ, ಫೋನ್ ನಂಬರು ತಿಳಿದುಕೊಂಡು ಲಗ್ಗೆರೆಗೆ ಹೋದೆ. ಎರಡನೆಯ ಮಹಡಿಯ ಒಂದು ಕೋಣೆಯಲ್ಲಿ ನೀಲವ್ವ ಅದೇ ಮಷೀನಿನ ಮುಂದೆ ಕೂತಿದ್ದರು. ಗುರುತು ಹಿಡಿದರು. "ಬರ್ರಿ ಸಾಹೇಬ್ರ, ಕುಂದರ್ರಿ. ಇಲ್ಲಿಗೆ ನೀರು ಬರಂಗಿಲ್ರಿ" ಅಂದರು. ಚಹಾ ಕೊಟ್ಟರು. ಅದನ್ನು ಕುಡಿಯುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ. ನೀರು ಹಿಂದಕ್ಕೆ ಬರುತ್ತಿದ್ದದ್ದು ನಿಜ, ತಪ್ಪು ನನ್ನದು ಎಂದೆ.

"ಆಗ ನಿಮಗ ಗೊತ್ತಿತ್ತೇನ್ರಿ?"

"ಮೂರನೇ ವರ್ಷ ಗೊತ್ತಿತ್ತಮ್ಮ. ನೋಟೀಸು ಬಂದಾಗ ಗೊತ್ತಿತ್ತು."

ಅವರು ಎದ್ದು ಮಂಚದ ಮೇಲಿದ್ದ ಕೌದಿಯೊಂದನ್ನು ಬಿಡಿಸಿ ನನ್ನ ಮುಂದೆ ಹಾಸಿದರು. ಅದರ ಮೇಲೆ ಇನ್ನೊಂದು. ಆಮೇಲೆ ಪೆಟ್ಟಿಗೆಯಿಂದ ಮತ್ತೆರಡು. ಹಸಿರು, ಕೆಂಪು, ಹಳದಿ, ಬೆರಳಗಲದ ತುಂಡೂ ಬಿಡದೆ ಸೇರಿಸಿ, ಒತ್ತೊತ್ತಾಗಿ ಕೈಯಲ್ಲಿ ಹೊಲಿದ ಕೌದಿಗಳು. ಅವರ ಕಡೆ ಚಿಂದಿಯನ್ನು ಯಾರೂ ಎಸೆಯುವುದಿಲ್ಲ, ಕೌದಿಗೆ ಕೂಡಿಡುತ್ತಾರೆ. ಮೂಟೆ ಕಟ್ಟಿ ಮೂಲೆಯಲ್ಲಿ ಇಟ್ಟವರು ಎಸೆದಿದ್ದಾದರೂ ಹೇಗೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

"ನಿಮ್ಮ ಚಿಂದಿ ಎಲ್ಲಾ ಇಲ್ಲೇ ಅದಾವ್ರಿ. ಒಂದ್ ತುಂಡೂ ಮೋರಿಗೆ ಹೋಗಿಲ್ಲ. ನಾ ಹಾಕಿಲ್ಲಂತ ನನಗ ಗೊತ್ತೈತಿ, ನನಗ ಹೇಳಿ ಏನ್ ಮಾಡ್ತೀರಿ? ಆ ಗಲ್ಲಿಯವ್ರಿಗೆ ಹೇಳಿದ್ರೇನು? ಕೆಂಪಣ್ಣೋರಿಗೆ ಹೇಳಿದ್ರೇನು?"

ಹೇಳಿರಲಿಲ್ಲ. ಕಡತಕ್ಕೆ ಹೇಳಿದ್ದೆ, ವಿಚಾರಣೆಗೆ ಬಂದವರಿಗೆ ಹೇಳಿದ್ದೆ. ಗಲ್ಲಿಗೆ ಅಭಿವೃದ್ಧಿ ಎಂದು ಹೇಳಿ ಬಂದಿದ್ದೆ.

ಲಗ್ಗೆರೆಯಿಂದ ಮನೆಗೆ ಹೋಗದೆ ಕಾಮಾಕ್ಷಿಪಾಳ್ಯದ ಬಸ್ಸು ಹತ್ತಿದೆ. ಗುಡಿಯಲ್ಲಿ ಸಂಜೆಯ ಮಂಗಳಾರತಿಗೆ ವಠಾರದವರು ಸೇರಿದ್ದರು. ಕುಂಕುಮವಿಟ್ಟ ಆ ಕಲ್ಲನ್ನು ತೋರಿಸಿ, ಅವರೆದುರಿಗೆ ಮೊದಲಿನಿಂದ ಹೇಳಿದೆ. ಒಬ್ಬರು ನಡುವೆಯೇ ತಮ್ಮ ಮನೆ ಮುಂದಿನ ಚಪ್ಪಡಿ ಅಲ್ಲಾಡುತ್ತಿದೆ ಅಂದರು. ಅದನ್ನು ಆಮೇಲೆ ನೋಡೋಣ, ಮೊದಲು ಇದನ್ನು ಕೇಳಿ ಅಂದೆ. ಕೆಂಪಣ್ಣನವರು ಕಲ್ಲನ್ನೇ ನೋಡುತ್ತಿದ್ದರು.

"ಅಂದ್ರೆ ಈ ಕಲ್ಲು ಎತ್ತಿದ್ದಕ್ಕಾ ಸಾರ್ ನೀರು ಬರ್ತಿದ್ದಿದ್ದು?"

"ನೀವು ಎತ್ತಿದ್ದು ತಪ್ಪಲ್ಲ. ನಾನು ನೋಡದೆ ನಂಬಿದ್ದು ತಪ್ಪು. ಆಯಮ್ಮನದು ಏನೂ ತಪ್ಪಿರಲಿಲ್ಲ."

"ನಾನ್ ಖಾಲಿ ಮಾಡಿಸ್ಬಿಟ್ನಲ್ಲ ಸಾರ್" ಅಂದರು. ನನ್ನ ಕಡೆ ತಿರುಗಿ, "ಆಯಮ್ಮನ ನಂಬರ್ ಇದ್ಯಾ?" ಎಂದು ಕೇಳಿದರು.

ನಾನೇ ಫೋನು ಹಚ್ಚಿ ಅವರ ಕೈಗೆ ಕೊಟ್ಟೆ. ಅವರು ಎದ್ದು ಮೋರಿಯ ಚಪ್ಪಡಿಯ ಮೇಲೆ ಹೋಗಿ ನಿಂತು, "ನೀಲಮ್ಮ, ನಾನು ಕೆಂಪಣ್ಣ ಮಾತಾಡ್ತಿರೋದು" ಎಂದರು. ಆಮೇಲೆ ಅವರ ಬಾಯಿಂದ ಹ್ಞೂಂ ಎಂಬುದೊಂದನ್ನು ಬಿಟ್ಟು ಇನ್ನೇನೂ ಬರಲಿಲ್ಲ. ಆ ಕಡೆಯಿಂದ ನೀಲವ್ವ ಏನು ಹೇಳುತ್ತಿದ್ದರೋ ನನಗೆ ಕೇಳಿಸಲಿಲ್ಲ. ಮಂಗಳಾರತಿ ಮುಗಿದು ಜನ ಚದುರಿದರೂ ಅವರು ಫೋನು ಕಿವಿಗಿಟ್ಟುಕೊಂಡು ತಲೆ ತಗ್ಗಿಸಿ ಕೇಳುತ್ತಲೇ ನಿಂತಿದ್ದರು.